ಕಣ್ಣು ಅಳೆಯಲಾರದು, ಹೋಲಿಸಬಲ್ಲದು

ಪ್ರಿಂಟರಿನ ಬಣ್ಣದ ಗಾಢತೆಯನ್ನು ಸರಿಹೊಂದಿಸಲು ಕೆಲವೊಮ್ಮೆ ಒಂದು ಪರೀಕ್ಷಾ ಹಾಳೆಯನ್ನು ಮುದ್ರಿಸುವುದುಂಟು. ಅದರಲ್ಲಿ ಒಂದೇ ಬಣ್ಣದ ಚೌಕಗಳ ಸಾಲು, ಒಂದಕ್ಕಿಂತ ಒಂದು ತುಸು ಗಾಢ. ಸುತ್ತ ಅದೇ ಶಾಯಿಯ ಸೂಕ್ಷ್ಮ ಗೆರೆಗಳ ಹಿನ್ನೆಲೆ. ಹಾಳೆಯನ್ನು ತೋಳಿನಳತೆ ದೂರದಲ್ಲಿ ಹಿಡಿದರೆ ಯಾವ ಚೌಕ ಹಿನ್ನೆಲೆಯಲ್ಲಿ ಕರಗಿಹೋದಂತೆ ಕಾಣುತ್ತದೋ ಅದರ ಸಂಖ್ಯೆಯನ್ನು ನೀವು ಕಂಪ್ಯೂಟರಿಗೆ ತಿಳಿಸಬೇಕು. ಇಷ್ಟು ನಾಜೂಕಾದ ಯಂತ್ರ ಬರಿಗಣ್ಣನ್ನು ನೆಚ್ಚುವುದೇ ಎಂದು ಹುಬ್ಬೇರಿಸಬೇಡಿ. ಈ ಉಪಾಯಕ್ಕೆ ಸುಮಾರು 300 ವರ್ಷಗಳ ಇತಿಹಾಸವಿದೆ.

ಒಂದು ದೀಪ ಇನ್ನೊಂದರ ಎಷ್ಟು ಪಟ್ಟು ಪ್ರಕಾಶಮಾನ? ಕಣ್ಣು ಹೇಳಲಾರದು. ಆದರೆ ಪಕ್ಕಪಕ್ಕದ ಎರಡು ಮೇಲ್ಮೈಗಳು ಸಮನಾಗಿ ಬೆಳಗಿವೆಯೇ ಎಂದು ಕೇಳಿ, ಚೆನ್ನಾಗಿ ಹೇಳುತ್ತದೆ. ಫ್ರಾನ್ಸಿನ ಪಿಯರ್ ಬೂಗೇ 1729ರಲ್ಲಿ ಪ್ರಕಟಿಸಿದ ಪುಟ್ಟ ಗ್ರಂಥದ ತಳಹದಿ ಇದೇ. ಪ್ರಖರ ದೀಪವನ್ನು ದೂರ ಸರಿಸಿ ಎರಡನ್ನೂ ಸಮ ಮಾಡಿ. ಆಮೇಲೆ ಅಳೆಯಬೇಕಾದದ್ದು ದೂರವನ್ನು ಮಾತ್ರ. ಮಿಕ್ಕದ್ದನ್ನು ವಿಲೋಮ ವರ್ಗ ನಿಯಮ ನೋಡಿಕೊಳ್ಳುತ್ತದೆ. 64ರಲ್ಲಿ 1 ಭಾಗದಷ್ಟು ವ್ಯತ್ಯಾಸವನ್ನೂ ಕಣ್ಣು ಗುರುತಿಸುತ್ತದೆಂದು ಬೂಗೇ ಕಂಡುಕೊಂಡ. ಮುಂದೆ 1840ರ ದಶಕದಲ್ಲಿ ಬುನ್ಸೆನ್, ಹೌದು, ಜ್ವಾಲಕದ ಬುನ್ಸೆನ್ನನೇ, ಕಾಗದದ ಮೇಲಿನ ಜಿಡ್ಡಿನ ಕಲೆಯನ್ನು ಬಳಸಿದ. ಎರಡೂ ಕಡೆಯ ಬೆಳಕು ಸಮನಾದಾಗ ಕಲೆ ಮಾಯ!

ಇನ್ನು ಗಾಢತೆಗೆ ಸಂಖ್ಯೆ ಬಂದದ್ದು ಹೇಗೆ? ಇಂಗ್ಲೆಂಡಿನ ವಿಡ್ನೆಸ್‌ನಲ್ಲಿ ಕ್ಷಾರ ತಯಾರಿಸುವ ಕಾರ್ಖಾನೆಯೊಂದಿತ್ತು. ಅಲ್ಲಿನ ರಸಾಯನವಿಜ್ಞಾನಿ ಫರ್ಡಿನಾಂಡ್ ಹರ್ಟರ್ ಹಾಗೂ ಎಂಜಿನಿಯರ್ ವೀರೊ ಡ್ರಿಫೀಲ್ಡ್ ಇಬ್ಬರಿಗೂ ಛಾಯಾಚಿತ್ರಣದ ಹವ್ಯಾಸ. ಬುನ್ಸೆನ್ ತತ್ತ್ವದ ದ್ಯುತಿಮಾಪಕದಿಂದಲೇ ಅವರು ನೆಗೆಟಿವ್‌ಗಳ ಕಪ್ಪನ್ನು ಅಳೆದು, 1890ರಲ್ಲಿ ತಮ್ಮ ಪ್ರಬಂಧವನ್ನು ಪ್ರಕಟಿಸಿದರು. ಹತ್ತರಲ್ಲಿ ಒಂದು ಪಾಲು ಬೆಳಕು ಹಾಯ್ದರೆ ಸಾಂದ್ರತೆ 1, ನೂರರಲ್ಲಿ ಒಂದಾದರೆ 2. ಅಂದರೆ ಇದೊಂದು ಲಾಗರಿದಮ್ ಮಾನ. ಲಾಗರಿದಮ್ಮೇ ಏಕೆ? ಈ ಸಂಖ್ಯೆ ನೆಗೆಟಿವ್‌ನಲ್ಲಿ ಉಳಿದ ಬೆಳ್ಳಿಯ ಪ್ರಮಾಣಕ್ಕೆ ಅನುಪಾತದಲ್ಲಿರುತ್ತದೆ. ಹಾಯುವ ಬೆಳಕಿನ ಬದಲು ಪ್ರತಿಫಲಿತ ಬೆಳಕನ್ನು ತೆಗೆದುಕೊಂಡರೆ ಮುದ್ರಣದ ಶಾಯಿಗೂ ಇದೇ ಮಾನ ಸಲ್ಲುತ್ತದೆ.

ಈಗ ಬೂಗೇಯ 64ರಲ್ಲಿ 1 ಭಾಗವನ್ನು ಈ ಮಾನಕ್ಕೆ ಪರಿವರ್ತಿಸಿ ನೋಡಿ. ಸಾಂದ್ರತೆಯ ವ್ಯತ್ಯಾಸ ಸುಮಾರು 0.007! ಮುದ್ರಣಾಲಯಗಳಲ್ಲಿ ಬಳಸುವ ಸಾಂದ್ರತಾಮಾಪಕ ಸಾಮಾನ್ಯವಾಗಿ 0.01ರವರೆಗೆ ಓದುತ್ತದೆ. ಆದರೆ ಚೌಕಗಳ ಅಂಚುಗಳು ಒಂದಕ್ಕೊಂದು ತಾಗಿರಬೇಕು. ನಡುವೆ ಬಿಳಿ ಪಟ್ಟಿಯೊಂದು ಸೇರಿದರೆ ಕಣ್ಣಿನ ಈ ಚಾತುರ್ಯ ಬಹುಮಟ್ಟಿಗೆ ಕುಂದುತ್ತದೆ.

ಇನ್ನೊಂದು ತೊಡಕು ದೀಪದ್ದು. ಒಂದೇ ಶಾಯಿಯ ಚೌಕ ಮತ್ತು ಹಿನ್ನೆಲೆಯನ್ನು ಹೋಲಿಸುವಾಗ ದೀಪ ಬದಲಾದರೂ ಹೆಚ್ಚು ಬಾಧೆಯಿಲ್ಲ. ಆದರೆ ಮೂರು ಬಣ್ಣ ಬೆರೆತ ಬೂದು ಚೌಕವನ್ನು ಕಪ್ಪು ಶಾಯಿಯ ಬೂದಿನೊಡನೆ ಹೋಲಿಸುವಾಗ ಹಾಗಲ್ಲ. ಬಿಸಿಲಿನಲ್ಲಿ ಒಂದೇ ಆಗಿ ಕಂಡ ಜೋಡಿ ಟ್ಯೂಬ್‌ಲೈಟಿನ ಕೆಳಗೆ ಬೇರೆಬೇರೆಯಾಗಿ ಕಾಣಬಹುದು. ಮುದ್ರಕರು ಹಾಳೆಗಳನ್ನು 5000 ಕೆಲ್ವಿನ್‌ನ ಪ್ರಮಾಣಿತ ಬೆಳಕಿನಡಿ ನೋಡುವುದು ಇದಕ್ಕಾಗಿಯೇ.