ವೈದ್ಯ ವಿದ್ಯಾರ್ಥಿನಿಯರ ಸಂಶೋಧನಾಸಕ್ತಿ: ಒಂದು ಪುನರ್ವಿಚಾರ

ವೈದ್ಯಕೀಯ ಸಂಶೋಧನೆಯಲ್ಲಿ ಸ್ತ್ರೀಯರ ಪಾಲು ಬಹುಕಾಲ ಅತ್ಯಲ್ಪವಾಗಿದ್ದಿತೆಂಬ ವಿಷಯದಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ. ರೇಷ್ಮಾ ಜಗ್ಸಿ ಮತ್ತು ಸಂಗಡಿಗರು 2006ರಲ್ಲಿ ತೋರಿಸಿರುವಂತೆ, ಪ್ರಮುಖ ವೈದ್ಯಕೀಯ ಪತ್ರಿಕೆಗಳಲ್ಲಿ ಅಮೆರಿಕದ ಪ್ರಥಮ ಲೇಖಕರೊಳಗೆ ಸ್ತ್ರೀಯರ ಪ್ರಮಾಣ 1970ರಲ್ಲಿ ಶೇ. 5.9 ಇದ್ದುದು 2004ರ ವೇಳೆಗೆ ಶೇ. 29.3ಕ್ಕೆ ಏರಿತಾದರೂ, ಹಿರಿಯ ಸಂಶೋಧಕರಿಗೆ ಮೀಸಲಾದ ಕೊನೆಯ ಹೆಸರಿನ ಸ್ಥಾನದಲ್ಲಿ ಶೇ. 19.3ಕ್ಕೆ ನಿಂತಿತು. ಇಂಥ ಅಂಕಿಗಳಿಂದ, ಎಂ.ಬಿ.ಬಿ.ಎಸ್. ತರಗತಿಯಲ್ಲಿಯೇ ವಿದ್ಯಾರ್ಥಿನಿಯರಿಗೆ ಸಂಶೋಧನೆಯ ಒಲವು ಕಡಿಮೆಯೆಂದು ಊಹಿಸುವವರೊಡನೆ ಮಾತ್ರ ನನ್ನ ವಿವಾದ.

ಲೇಖಕರ ಹೆಸರುಗಳ ಗಣನೆಯು ಫಲವನ್ನು ಅಳೆಯುತ್ತದೆಯೇ ಹೊರತು ಪ್ರವೃತ್ತಿಯನ್ನಲ್ಲ. 1979ರಿಂದ ನಡೆದುಬಂದಿರುವ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಲ್ಪಾವಧಿ ವಿದ್ಯಾರ್ಥಿವೇತನವನ್ನೇ ನೋಡಬಹುದು. ಮಾರ್ಗದರ್ಶಕರ ನೆರವಿನಿಂದ ಪ್ರಸ್ತಾವವನ್ನು ಬರೆದು, ನೈತಿಕ ಸಮಿತಿಯ ಅನುಮತಿ ಪಡೆದು, ಎರಡು ತಿಂಗಳ ಕೆಲಸ ಮುಗಿಸಿ ವರದಿಯೊಪ್ಪಿಸಬೇಕಾದ ವಿದ್ಯಾರ್ಥಿಗೆ ಹಗಲೆಲ್ಲ ಪಾಠವೂ ವಾರ್ಡಿನ ಪೋಸ್ಟಿಂಗೂ ಇರುವುದರಿಂದ, ಕೇಸ್‌ಶೀಟುಗಳನ್ನು ತಿರುವಿಹಾಕುವುದು, ರೋಗಿಗೂ ಅವರ ಕಡೆಯವರಿಗೂ ವಿಷಯ ತಿಳಿಯಹೇಳಿ ಸಮ್ಮತಿಪತ್ರಕ್ಕೆ ಸಹಿ ಪಡೆಯುವುದು, ಪ್ರಶ್ನಾವಳಿ ತುಂಬಿಸುವುದು, ಇವೆಲ್ಲ ಬಹುಮಟ್ಟಿಗೆ ಸಂಜೆಯ ಮೇಲೆಯೇ ಬೀಳುತ್ತವೆ. ಆ ಹೊತ್ತು ಹುಡುಗರಿಗೂ ಹುಡುಗಿಯರಿಗೂ ಸಮನಾಗಿ ದೊರೆಯುತ್ತಿದ್ದಿತೇ ಎಂಬುದೇ ಪ್ರಶ್ನೆ.

ಕೋಳಿಕ್ಕೋಡಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿನಿಯರು, ರಾತ್ರಿ 9.30ರ ನಂತರ ಹಾಸ್ಟೆಲಿನಿಂದ ಹೊರಬರಬಾರದೆಂಬ ನಿರ್ಬಂಧವನ್ನು ಪ್ರಶ್ನಿಸಿ 2022ರಲ್ಲಿ ಕೇರಳ ಉಚ್ಚ ನ್ಯಾಯಾಲಯದ ಮೊರೆಹೊಕ್ಕರು. ಆ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರವು ಹುಡುಗರಿಗೂ ಹುಡುಗಿಯರಿಗೂ ಒಂದೇ ನಿಯಮವನ್ನು ವಿಧಿಸಿತು. ಒಲವಿನ ಕೊರತೆಯೆಂದು ನಾವು ಕರೆಯುತ್ತಿರುವುದರಲ್ಲಿ ಒಂದಂಶ, ಪ್ರಾಯಶಃ ದೊಡ್ಡ ಅಂಶವೇ, ವೇಳೆಯ ಅಭಾವವೆಂದು ಇದರಿಂದ ನನಗೆ ತೋರುತ್ತದೆ. ಈ ಮಾತನ್ನು ಮಿತಿಯರಿತು ಹೇಳಬೇಕು: ಆ ದಾವೆಯು ಸಮಾನತೆಯನ್ನು ಕುರಿತದ್ದೇ ಹೊರತು ಸಂಶೋಧನೆಯನ್ನಲ್ಲ, ಪ್ರಯೋಗಶಾಲೆಯ ಅಧ್ಯಯನಗಳು ಹಗಲಿನಲ್ಲಿಯೂ ನಡೆಯಬಲ್ಲವು, ಮನೆಯಿಂದ ಬಂದುಹೋಗುವವರಿಗೆ ಹಾಸ್ಟೆಲಿನ ಬಾಗಿಲು ತಡೆಯಲ್ಲವಾದರೂ ಮನೆಯ ಕಟ್ಟಳೆ ತಡೆಯಾಗಬಹುದು, ಅಮೆರಿಕದ ಅಂತರಕ್ಕಂತೂ ಬೇರೆಯೇ ಕಾರಣಗಳನ್ನು ಅರಸಬೇಕು.

ನಿಯಮ ಬದಲಾದ ಮೇಲೆ ವಿದ್ಯಾರ್ಥಿನಿಯರ ಪ್ರಸ್ತಾವಗಳು ಹೆಚ್ಚಿದವೇ, ಮಾರ್ಗದರ್ಶಕರ ಆಯ್ಕೆಯಲ್ಲಿ ಪಕ್ಷಪಾತವಿದೆಯೇ ಎಂಬಿವು ಇನ್ನೂ ಪರೀಕ್ಷಿಸಬೇಕಾದ ವಿಷಯಗಳು. ಅದಕ್ಕಾಗಿ ಪ್ರತಿಯೊಂದು ಕಾಲೇಜೂ ಅರ್ಜಿ, ಮಂಜೂರಾತಿ, ಪೂರ್ಣಗೊಂಡ ವರದಿ ಈ ಮೂರು ಹಂತಗಳ ಲೆಕ್ಕವನ್ನು ಸ್ತ್ರೀಪುರುಷರಿಗೆ ಬೇರೆಬೇರೆಯಾಗಿ ಇಟ್ಟು ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.