ಸೋತಿದ್ದು ಶಕ್ತಿ ಇಲ್ಲದೆ ಅಲ್ಲ



ಇವತ್ತು ರಾಜಕೀಯ ಬೇಡ. ಒಂದು ದೈತ್ಯನ ಕಥೆ ಹೇಳ್ತೀನಿ. ಟೆಂಡರ್ ಸೇರಿ ಉದ್ದ 132 ಅಡಿ. ಕಲ್ಲಿದ್ದಲು, ನೀರು ತುಂಬಿದರೆ ತೂಕ ಸುಮಾರು 540 ಟನ್. ಹೆಸರು ಬಿಗ್ ಬಾಯ್. ಅಮೆರಿಕದ ಯೂನಿಯನ್ ಪೆಸಿಫಿಕ್ ರೈಲ್ವೆಯ ಉಗಿ ಎಂಜಿನ್.

ಯೂಟಾದ ಆಗ್ಡನ್‌ನಿಂದ ವಯೋಮಿಂಗ್ ಕಡೆಗೆ ಹೋಗುವ ಹಳಿ ವಾಸಾಚ್ ಬೆಟ್ಟವನ್ನು ಹತ್ತುತ್ತದೆ. ಏರು ನೂರು ಅಡಿಗೆ ಒಂದಡಿಗಿಂತ ತುಸು ಹೆಚ್ಚು, ಅಷ್ಟೇ. ಆದರೆ ಸಾವಿರಾರು ಟನ್ ಸರಕಿಗೆ ಅದೇ ದೊಡ್ಡ ಘಾಟಿ. ನಮ್ಮ ಸಕಲೇಶಪುರ ಘಾಟಿಯಲ್ಲಿ ರೈಲನ್ನು ತಳ್ಳೋಕೆ ಬ್ಯಾಂಕರ್ ಎಂಜಿನ್ ಹಾಕೋದನ್ನು ನೀವು ನೋಡಿರಬಹುದು. ಅಲ್ಲೂ ಹಾಗೇ ಮಾಡ್ತಿದ್ದರು. ಪ್ರತಿ ಸಲ ಎಂಜಿನ್ ಜೋಡಿಸು, ಬಿಚ್ಚು, ಇನ್ನೊಂದು ತಂಡಕ್ಕೆ ಸಂಬಳ ಕೊಡು. ಹಾಗಾಗಿ ಕಂಪನಿ ಕೇಳಿದ್ದು ಒಂದೇ: 3,600 ಟನ್ ರೈಲನ್ನು ಒಂಟಿಯಾಗಿ ಹತ್ತಿಸುವ ಎಂಜಿನ್ ಕೊಡಿ.

ಅಷ್ಟು ಶಕ್ತಿ ಬೇಕು ಅಂದ್ರೆ ಎಂಜಿನ್ ಉದ್ದವಾಗಬೇಕು. ಉದ್ದವಾದರೆ ತಿರುವಿನಲ್ಲಿ ಬಾಗೋದಿಲ್ಲ. ಇದಕ್ಕೆ ಉಪಾಯ ಮೊದಲೇ ಇತ್ತು. ಸ್ವಿಸ್ ಎಂಜಿನಿಯರ್ ಅನಾತೋಲ್ ಮ್ಯಾಲೆ 1884ರಲ್ಲೇ ಪೇಟೆಂಟ್ ಪಡೆದಿದ್ದರು. ಬಾಯ್ಲರ್ ಒಂದೇ, ಕೆಳಗೆ ಚಕ್ರಗಳ ಗುಂಪು ಎರಡು. ಹಿಂದಿನ ಗುಂಪು ಬಾಯ್ಲರ್‌ಗೆ ಗಟ್ಟಿಯಾಗಿ ಅಂಟಿರುತ್ತದೆ. ಮುಂದಿನದು ಕೀಲಿನ ಮೇಲೆ ಆಚೀಚೆ ತಿರುಗುತ್ತದೆ. ಬಿಗ್ ಬಾಯ್‌ನಲ್ಲಿ ಒಂದೊಂದು ಗುಂಪಿಗೂ ಎಂಟೆಂಟು ಚಾಲಕ ಚಕ್ರಗಳು.

1941ರಲ್ಲಿ ಸ್ಕೆನೆಕ್ಟಡಿಯ ಆಲ್ಕೋ ಕಾರ್ಖಾನೆಯಲ್ಲಿ ಇವು ತಯಾರಾಗ್ತಿದ್ದಾಗ, ಯಾರೋ ಒಬ್ಬ ಕೆಲಸಗಾರ ಎಂಜಿನ್ನಿನ ಮುಖದ ಮೇಲೆ ಸೀಮೆಸುಣ್ಣದಲ್ಲಿ 'ಬಿಗ್ ಬಾಯ್' ಅಂತ ಬರೆದ. ಆತ ಯಾರು ಅನ್ನೋದು ದಾಖಲಾಗಲಿಲ್ಲ. ಹೆಸರು ಮಾತ್ರ ಉಳಿಯಿತು.

ಈಗ ಕಥೆಯ ತಿರುವು ನೋಡಿ. ಅದಕ್ಕೂ ಮೊದಲೇ, 1939ರಲ್ಲಿ, ಜನರಲ್ ಮೋಟಾರ್ಸ್ 'ಎಫ್‌ಟಿ' ಎಂಬ ಡೀಸೆಲ್ ಸರಕು ಎಂಜಿನ್ನನ್ನು ಪ್ರದರ್ಶನಕ್ಕೆ ದೇಶ ಸುತ್ತಿಸಲು ಹೊರಟಿತ್ತು. ಅಂದ್ರೆ ಉಗಿಯುಗದ ಈ ಮಹಾಶೂರ ಹುಟ್ಟುವ ಹೊತ್ತಿಗೆ ಅವನ ಉತ್ತರಾಧಿಕಾರಿ ಆಗಲೇ ಹಳಿ ಮೇಲಿದ್ದ!

ಹಾಗಾದರೆ ಕಂಪನಿ ತಪ್ಪು ಮಾಡಿತಾ? ಇಲ್ಲ. ಮೊದಲ ಬಿಗ್ ಬಾಯ್ ಬಂದ ಮೂರೇ ತಿಂಗಳಿಗೆ ಪರ್ಲ್ ಹಾರ್ಬರ್ ದಾಳಿ ನಡೆಯಿತು. ಅಮೆರಿಕ ಯುದ್ಧಕ್ಕಿಳಿಯಿತು. ಡೀಸೆಲ್ ಎಂಜಿನ್ ತಯಾರಿಕೆಗೆ ಸರ್ಕಾರದ ನಿಯಂತ್ರಣ ಬಂತು. ಯುದ್ಧದ ಸರಕನ್ನು ಬೆಟ್ಟ ಹತ್ತಿಸಲು ಈ ಎಂಜಿನ್‌ಗಳೇ ಬೇಕಾದವು. ಮೊದಲ 20 ಸಾಲದೆ 1944ರಲ್ಲಿ ಇನ್ನೂ ಐದು ಬಂದವು.

ಬಿಗ್ ಬಾಯ್ ಸೋತದ್ದು ಬೆಟ್ಟಕ್ಕಲ್ಲ. ಟೆಂಡರ್‌ಗೆ ಒಮ್ಮೆಗೆ 28 ಟನ್ ಕಲ್ಲಿದ್ದಲು, ಸುಮಾರು 90 ಸಾವಿರ ಲೀಟರ್ ನೀರು ಬೇಕು. ದಾರಿಯುದ್ದಕ್ಕೂ ನೀರಿನ ವ್ಯವಸ್ಥೆ, ಬೂದಿ ತೆಗೆಯೋರು, ಬಾಯ್ಲರ್ ತೊಳೆಯೋರು, ಗ್ರೀಸ್ ಹಾಕೋರು ಬೇಕು. ಡೀಸೆಲ್‌ಗೆ ಇಷ್ಟೆಲ್ಲ ಬೇಡ. ಮೂರು ನಾಲ್ಕು ಎಂಜಿನ್ ಒಟ್ಟಿಗೆ ಕಟ್ಟಿದರೂ ಒಂದೇ ತಂಡ ಓಡಿಸುತ್ತೆ. 1959ರ ಜುಲೈನಲ್ಲಿ ಬಿಗ್ ಬಾಯ್ ಕೊನೆಯ ಸರಕು ರೈಲು ಎಳೆಯಿತು. 25ರಲ್ಲಿ 17 ಗುಜರಿಗೆ ಹೋದವು.

ನಾನು ಎಂಜಿನಿಯರಿಂಗ್ ಓದಿದವನು. ಕಾಲೇಜಿನಲ್ಲಿ ಯಂತ್ರದ ಶಕ್ತಿ ಲೆಕ್ಕ ಹಾಕೋದು ಕಲಿತೆ. ಆ ಯಂತ್ರವನ್ನು ನಂಬಿ ಎಷ್ಟು ಮನೆಗಳ ಒಲೆ ಉರಿಯುತ್ತೆ ಅನ್ನೋ ಲೆಕ್ಕ ಪರೀಕ್ಷೆಗೆ ಬರಲೇ ಇಲ್ಲ. ಬೂದಿ ತೆಗೆಯುತ್ತಿದ್ದವನು ಸೋಮಾರಿಯಾಗಿರಲಿಲ್ಲ. ಬಾಯ್ಲರ್ ರಿಪೇರಿ ಮಾಡುತ್ತಿದ್ದವನಿಗೆ ಕೆಲಸ ಬರುತ್ತಿರಲಿಲ್ಲ ಅಂತಲ್ಲ. ಅವನ ಕೌಶಲ ಬೇಕಾಗಿದ್ದ ಜಗತ್ತೇ ಪಕ್ಕಕ್ಕೆ ಸರಿಯಿತು.

ಉಳಿದ ಎಂಟರಲ್ಲಿ ಒಂದು, 4014, ಕ್ಯಾಲಿಫೋರ್ನಿಯಾದ ಪೊಮೋನಾದಲ್ಲಿ ಪ್ರದರ್ಶನಕ್ಕೆ ನಿಂತಿತ್ತು. ಯೂನಿಯನ್ ಪೆಸಿಫಿಕ್ 2013ರಲ್ಲಿ ಅದನ್ನು ಮರಳಿ ಪಡೆದು ಶಯೆನ್ ವರ್ಕ್‌ಶಾಪ್‌ನಲ್ಲಿ ಬಿಚ್ಚಿ ಜೋಡಿಸಿತು. ಸಿಗದ ಬಿಡಿಭಾಗಗಳನ್ನು ಹೊಸದಾಗಿ ಮಾಡಬೇಕಾಯಿತು. ಕಲ್ಲಿದ್ದಲಿನ ಬದಲು ಎಣ್ಣೆ ಉರಿಸುವಂತೆ ಬದಲಾಯಿಸಿದರು. 2019ರ ಮೇ ತಿಂಗಳಲ್ಲಿ, ಅರವತ್ತು ವರ್ಷದ ನಂತರ, ಅದು ಮತ್ತೆ ಓಡಿತು. ಹಳಿ ಪಕ್ಕ ಜನ ಜಾತ್ರೆಯಂತೆ ಸೇರಿದ್ದರು.

ಹಳೆಯದಾಯಿತು ಅಂದ್ರೆ ಕೆಲಸಕ್ಕೆ ಬಾರದ್ದಾಗಿತ್ತು ಅಂತಲ್ಲ, ವೀಕ್ಷಕರೇ. ನಿಮ್ಮ ಆಫೀಸಿನಲ್ಲಿ ಹೊಸ ಯಂತ್ರ ಬಂದು ಯಾರೋ ಒಬ್ಬರು ಕುರ್ಚಿ ಬಿಟ್ಟು ಎದ್ದರೆ, ಈ ಒಂದು ಮಾತು ನೆನಪಿರಲಿ.