ಕಲ್ಲನ್ನು ಎರಡು ಸಲ ಹೊತ್ತವರು

ನಾನಿರುವುದು ಗೋಕುಲಂನಲ್ಲಿ. ಹೀಗೆಂದ ಕೂಡಲೇ ಊರ ಕಡೆ ಗೆಳೆಯರು ಹುಬ್ಬು ಹಾರಿಸುತ್ತಾರೆ. ದೊಡ್ಡವರ ಬಡಾವಣೆ ಅದು. ನಾನಿರುವುದು ಅಲ್ಲಿನ ಒಂದು ದೊಡ್ಡ ಮನೆಯ ಹಿಂದಿನ ಷೀಟಿನ ರೂಮಿನಲ್ಲಿ. ಮುಂದಿನ ಮಹಡಿಯಲ್ಲಿ ಯೋಗ ಕಲಿಯಲು ದೂರ ದೇಶಗಳಿಂದ ಬಂದವರು ಬಾಡಿಗೆಗೆ ಇರುತ್ತಾರೆ. ಪಟ್ಟಾಭಿ ಜೋಯಿಸರು ಲಕ್ಷ್ಮೀಪುರಂನಲ್ಲಿ ಹೇಳಿಕೊಡುತ್ತಿದ್ದ ಯೋಗ ಈ ಕಡೆಗೆ ಬಂದ ಮೇಲೆ ಗೋಕುಲಂನ ರೂಮುಗಳ ಬಾಡಿಗೆಯೂ ತಲೆ ಕೆಳಗಾಗಿ ನಿಂತಿದೆ. ನನ್ನ ಷೀಟಿನ ರೂಮಿಗೂ ಅದರ ಬಿಸಿ ತಟ್ಟಿದೆ.

ಮಹಡಿಯ ಹುಡುಗಿಯೊಬ್ಬಳು ಒಂದು ದಿನ ಕೆಳಗಿಳಿದು ಬಂದಳು. ಭಾನುವಾರ ಬೆಳಿಗ್ಗೆ ಊರು ತೋರಿಸುವ ನಡಿಗೆ ಇದೆ, ಜೊತೆಗೆ ಬರಬೇಕಿದ್ದ ಗೆಳತಿಗೆ ಜ್ವರ, ಒಂದು ಟಿಕೇಟು ಉಳಿದಿದೆ, ಬರುತ್ತೀಯಾ ಎಂದಳು. ಮೈಸೂರಿಗೆ ಓದಲು ಬಂದು ಏಳು ವರ್ಷವಾಯಿತು, ಎಂ.ಎ. ಮುಗಿಸಿದ್ದೇನೆ. ಅರಮನೆಯನ್ನು ಒಳಗೆ ಹೋಗಿ ನೋಡಿದ್ದು ಒಂದೇ ಸಲ, ಹೈಸ್ಕೂಲಿನ ಟೂರಿನಲ್ಲಿ. ಬರುತ್ತೇನೆ ಎಂದೆ.

ಬೆಳಿಗ್ಗೆ ಆರೂವರೆಗೆ ಪುರಭವನದ ಮುಂದೆ ಸೇರಿದೆವು. ಹನ್ನೆರಡು ಜನ. ಗೈಡು ನನ್ನ ವಯಸ್ಸಿನವನೇ, ಹುಣಸೂರು ಕಡೆಯವನು, ದಿನಗೂಲಿಯ ಲೆಕ್ಕದಲ್ಲಿ ದುಡಿಯುವವನು. ಒಳ್ಳೆಯ ಹುಡುಗ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಬಾಯಿಪಾಠ ಮಾಡಿಸಿದ್ದನ್ನು ಅವನು ಹೇಳಿದ. ಬಾಯಿಪಾಠ ಮಾಡಿಸಿದ್ದು ಏನು ಎಂಬುದು ಇಲ್ಲಿನ ಮಾತು.

ಪುರಭವನ ಕಟ್ಟಿದ್ದು 1884ರಲ್ಲಿ, ದಿವಾನ್ ರಂಗಾಚಾರ್ಲು ನೆನಪಿಗೆ. 1881ರಲ್ಲಿ ಬ್ರಿಟಿಷರು ಮೈಸೂರನ್ನು ಒಡೆಯರಿಗೆ ವಾಪಸ್ಸು ಕೊಟ್ಟಾಗ ಮೊದಲ ದಿವಾನರಾದವರು ಅವರು. ಅದೇ ವರ್ಷ ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. ಗೈಡು ಇದನ್ನು ಹೆಮ್ಮೆಯಿಂದ ಹೇಳಿದ, ಹೆಮ್ಮೆಪಡುವ ವಿಷಯವೇ. ಆದರೆ ಆ ಮೊದಲ ಸಭೆಗೆ ಬಂದ 144 ಜನ ಪ್ರಜೆಗಳು ಯಾರು? ಜಮೀನು ಉಳ್ಳವರು, ವ್ಯಾಪಾರಸ್ಥರು. ಕಂದಾಯ ಕಟ್ಟುವವನು ಪ್ರಜೆ. ಕಂದಾಯದ ಗದ್ದೆಯಲ್ಲಿ ಬೆನ್ನು ಬಗ್ಗಿಸುವವನು ಆಗಿನ್ನೂ ಪ್ರಜೆಯಾಗಿರಲಿಲ್ಲ. ಅದಕ್ಕೆ ಐದು ವರ್ಷ ಹಿಂದೆಯಷ್ಟೇ ದೊಡ್ಡ ಬರಗಾಲ ಬಂದಿತ್ತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷಕ್ಕೂ ಹೆಚ್ಚು ಜನ. 1881ರಲ್ಲಿ ಎಣಿಸಿದಾಗ 42 ಲಕ್ಷವೂ ಇಲ್ಲ. ಆ ಬರದಲ್ಲಿ ಗಂಜಿಗಾಗಿ ಮಣ್ಣು ಹೊತ್ತ ಜನರಿಂದಲೇ ಬೆಂಗಳೂರು–ಮೈಸೂರು ರೈಲುಹಾದಿಯ ಮಣ್ಣಿನ ಕೆಲಸ ಶುರುವಾದದ್ದು. 1882ರಲ್ಲಿ ರೈಲು ಮೈಸೂರಿಗೆ ಬಂತು. ಪ್ರತಿನಿಧಿಗಳು ಮುಂದೆ ಅದರಲ್ಲೇ ಬಂದು ಇಳಿದಿರಬೇಕು.

ಪುರಭವನದ ಮುಂದೆ ಬಾಬಾಸಾಹೇಬರ ಪ್ರತಿಮೆ ಇದೆ. ಹುಡುಗಿ ಕೈ ತೋರಿಸಿ ಯಾರು ಎಂದಳು. 'ಸಂವಿಧಾನ ಬರೆದವರು' ಎಂದು ಗೈಡು ಗಡಿಯಾರ ನೋಡಿಕೊಂಡ. ಅಲ್ಲಿಂದ ದೊಡ್ಡ ಗಡಿಯಾರಕ್ಕೆ ಹೋದೆವು. ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ 1927ರಲ್ಲಿ ಅರಮನೆ ನೌಕರರು ಹಣ ಹಾಕಿ ಕಟ್ಟಿಸಿದ್ದು, 75 ಅಡಿ ಎತ್ತರ. ನೌಕರರು ಎಂದಾಗ ನಾನು ಕಿವಿ ನಿಮಿರಿಸಿದೆ. ಇಡೀ ಬೆಳಿಗ್ಗೆಯಲ್ಲಿ ದುಡಿದು ತಿನ್ನುವವರ ಹೆಸರು ಬಂದದ್ದು ಅಲ್ಲಿ ಮಾತ್ರ, ಅದೂ ದೊರೆಗೆ ಕಾಣಿಕೆ ಕೊಟ್ಟವರಾಗಿ.

ಅರಮನೆಯ ಉತ್ತರ ಬಾಗಿಲ ಬಳಿ ನಿಲ್ಲಿಸಿದರು. 1897ರಲ್ಲಿ ರಾಜಕುಮಾರಿಯ ಮದುವೆಯ ಹೊತ್ತಿನಲ್ಲಿ ಹಳೇ ಮರದ ಅರಮನೆಗೆ ಬೆಂಕಿ ಬಿತ್ತು. ಹೆನ್ರಿ ಇರ್ವಿನ್ ನಕ್ಷೆ ಬರೆದ. 1912ಕ್ಕೆ ಹೊಸದು ಮುಗಿಯಿತು. ಖರ್ಚು 41 ಲಕ್ಷ ರೂಪಾಯಿಗೂ ಮೇಲೆ. ಇದೆಲ್ಲ ಎಲ್ಲರಿಗೂ ಗೊತ್ತು. ನನ್ನ ತಲೆಯಲ್ಲಿ ಕೂತದ್ದು ಕೋಟೆಯ ಕಲ್ಲು.

ಈ ಕಲ್ಲಿನ ಕತೆಯನ್ನು ಗೈಡು ಅರ್ಧ ಹೇಳಿದ. ಪೂರ್ತಿ ಹೀಗಿದೆ. ಇದು ಎಲ್ಲೋ ಗುಟ್ಟಾಗಿ ಇರುವುದಲ್ಲ, ಬಿ.ಎಲ್. ರೈಸ್ ಬರೆದ ಗೆಜೆಟಿಯರಿನಲ್ಲೇ ಇದೆ. ಟಿಪ್ಪು ಮೈಸೂರಿನ ಹಳೇ ಕೋಟೆಯನ್ನು, ಊರನ್ನು ಕೆಡವಿಸಿದ. ಅದರ ಕಲ್ಲುಗಳನ್ನು ಪೂರ್ವಕ್ಕೆ ಒಂದು ಮೈಲಿ ಸಾಗಿಸಿ ಗುಡ್ಡದ ಮೇಲೆ ನಜರ್‌ಬಾದ್ ಎಂಬ ಹೊಸ ಕೋಟೆಗೆ ಕೈ ಹಾಕಿದ. ಅದು ಮುಗಿಯಲಿಲ್ಲ. 1799ರ ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. ಜೂನ್ 30ಕ್ಕೆ ಐದು ವರ್ಷದ ಮಗು ಮುಮ್ಮಡಿ ಕೃಷ್ಣರಾಜರಿಗೆ ಇದೇ ಊರಿನಲ್ಲಿ ಚಪ್ಪರ ಹಾಕಿ ಪಟ್ಟ ಕಟ್ಟಿದರು, ಯಾಕೆಂದರೆ ಕೂರಿಸಲು ಅರಮನೆ ಉಳಿದಿರಲಿಲ್ಲ. ಆಮೇಲೆ ನಜರ್‌ಬಾದಿನ ಕಲ್ಲುಗಳನ್ನೇ ಕಿತ್ತು, ಅದೇ ಒಂದು ಮೈಲಿ ವಾಪಸ್ಸು ತಂದು ಹಳೇ ಕೋಟೆಯನ್ನು ಮತ್ತೆ ಕಟ್ಟಿದರು.

ಒಂದೇ ಕಲ್ಲು. ಹೋಗುವಾಗ ಒಬ್ಬ ದೊರೆಯ ಕಲ್ಲು, ಬರುವಾಗ ಇನ್ನೊಬ್ಬ ದೊರೆಯ ಕಲ್ಲು. ಎರಡು ಸಲಕ್ಕೂ ನಡುವೆ ಹೆಚ್ಚು ವರ್ಷಗಳಿಲ್ಲ. ಹೊತ್ತವನು ಒಬ್ಬನೇ ಇದ್ದಿರಬಹುದು. ಹೋಗುವಾಗ ಪ್ರಾಯದಲ್ಲಿ ಹೊತ್ತು, ಬರುವಾಗ ನರೆತ ಮೇಲೆ ಮಗನ ಜೊತೆ ಹೊತ್ತಿರಬಹುದು. ಇವತ್ತು ಟಿಪ್ಪು ದೊಡ್ಡವನೋ ಒಡೆಯರು ದೊಡ್ಡವರೋ ಎಂದು ಟಿ.ವಿ.ಯಲ್ಲಿ ಗಂಟಲು ಹರಿದುಕೊಳ್ಳುವವರು ಇದ್ದಾರೆ. ಎರಡೂ ಕಡೆಯವರು ಈ ಕಲ್ಲು ಹೊತ್ತವನ ಹೆಗಲು ಮುಟ್ಟಿ ನೋಡಿಲ್ಲ.

ತಡೆಯಲಾರದೆ ಕೇಳಿದೆ: 'ಕಲ್ಲು ಹೊತ್ತೋರು ಯಾರು ಸಾರ್?'

'ಜನ.'

'ಯಾವ ಜನ?'

'ಕೂಲಿ ಜನ ಕಣ್ರೀ, ಇನ್ಯಾರು ಹೊರ್ತಾರೆ?' ಅವನು ನಕ್ಕ. ಜೊತೆಗಿದ್ದವರೂ ನಕ್ಕರು. ನನಗೂ ಬೇರೆ ದಾರಿ ಇರಲಿಲ್ಲ, ನಕ್ಕೆ.

ಬಿಟ್ಟಿ ದುಡಿಮೆ ಎಂಬುದು ನಮ್ಮ ಹಟ್ಟಿಗಳಲ್ಲಿ ಪುಸ್ತಕದ ಮಾತಲ್ಲ. ನಮ್ಮ ತಾತ ಗೌಡರ ಕಣದಲ್ಲಿ ಕಾಯುತ್ತಿದ್ದದ್ದು ಕೂಲಿಗಲ್ಲ, ಹುಟ್ಟಿದ ತಪ್ಪಿಗೆ. ಊರು ಕರೆದರೆ ಹೋಗಬೇಕು, ಅಷ್ಟೆ. ಕೋಟೆ ಕರೆದಾಗ ಯಾರು ಮೊದಲು ಹೋಗಿರಬೇಕು ಎಂಬುದಕ್ಕೆ ನನಗೆ ತಾಮ್ರಶಾಸನ ಬೇಕಿಲ್ಲ. ಕಟ್ಟಿಸಿದವರ ಹೆಸರನ್ನು ಕಲ್ಲಲ್ಲಿ ಕೊರೆದರು, ಕೊರೆದವನ ಹೆಸರನ್ನೂ ಅಲ್ಲಿ ಬರೆಯಲಿಲ್ಲ.

ಆಮೇಲೆ ಸಯ್ಯಾಜಿರಾವ್ ರಸ್ತೆ. ಜಂಬೂಸವಾರಿಯ ಆನೆ ನಡೆಯುವ ರಸ್ತೆ. ಇದರ ಕೆಳಗೆ ಏನಿತ್ತು ಗೊತ್ತೆ? ಪೂರ್ಣಯ್ಯನ ನಾಲೆ. ದಿವಾನ್ ಪೂರ್ಣಯ್ಯ ಕಾವೇರಿ ನೀರನ್ನು ಮೈಸೂರಿಗೆ ತರುತ್ತೇನೆಂದು ಬಹಳ ಹಣ ಸುರಿದು ಕಾಲುವೆ ತೋಡಿಸಿದ. ನೀರು ಬರಲಿಲ್ಲ. ಊರಿನ ಕೊಚ್ಚೆ ಬಂದು ಸೇರಿತು. ನಾರುವ ಆ ನಾಲೆಯನ್ನು 19ನೇ ಶತಮಾನದ ಕೊನೆಯ ದಶಕಗಳಲ್ಲಿ ಮುಚ್ಚಿ ಮೇಲೆ ರಸ್ತೆ, ದೇವರಾಜ ಮಾರುಕಟ್ಟೆ ಎಲ್ಲ ಆದವು. ಮಾರುಕಟ್ಟೆಯಲ್ಲಿ ಮಲ್ಲಿಗೆ ಹೂವಿನ ರಾಶಿ ನೋಡಿ ಎಲ್ಲರೂ ಫೋಟೋ ತೆಗೆದರು. ನಾನು ನೆಲ ನೋಡುತ್ತಿದ್ದೆ. ವರ್ಷಗಟ್ಟಲೆ ಆ ಕೊಚ್ಚೆಯ ಹೂಳನ್ನು ಯಾರೋ ಎತ್ತಿರಬೇಕಲ್ಲ.

ರಸ್ತೆಯ ಹೆಸರಿನಲ್ಲೂ ನಮಗೆ ಬೇಕಾದ ಒಂದು ವಿಷಯ ಇದೆ. ಸಯ್ಯಾಜಿರಾವ್ ಬರೋಡದ ಮಹಾರಾಜರು. 1913ರಲ್ಲಿ ಅಂಬೇಡ್ಕರರು ಅಮೆರಿಕದ ಕೊಲಂಬಿಯಕ್ಕೆ ಓದಲು ಹೋದದ್ದು ಇವರು ಕೊಟ್ಟ ವಿದ್ಯಾರ್ಥಿವೇತನದಿಂದ. 1917ರಲ್ಲಿ ಅದೇ ಬರೋಡಕ್ಕೆ ನೌಕರಿಗೆ ಬಂದಾಗ ಆ ಊರಿನಲ್ಲಿ ಅವರಿಗೆ ತಲೆ ಇಡಲು ಒಂದು ರೂಮು ಸಿಗಲಿಲ್ಲ, ಪಾರ್ಸಿ ಛತ್ರದಿಂದಲೂ ಹೊರಹಾಕಿದರು. ದೊರೆ ದುಡ್ಡು ಕೊಡಬಲ್ಲ, ಊರು ಬಾಗಿಲು ತೆಗೆಯುವುದಿಲ್ಲ. ನಮ್ಮ ನಾಲ್ವಡಿಯವರ ಕಾಲದ್ದೂ ಇಷ್ಟೇ ಎಂದು ತೀರ್ಮಾನಿಸಿಬಿಡಬಾರದು. 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿ, ಬ್ರಾಹ್ಮಣೇತರರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡಲು ಹೊರಟದ್ದು ಆ ಕಾಲಕ್ಕೆ ದೊಡ್ಡ ಹೆಜ್ಜೆ. ವಿಶ್ವೇಶ್ವರಯ್ಯನವರಂಥವರೇ ಅದನ್ನು ಒಪ್ಪದೆ ದಿವಾನಗಿರಿ ಬಿಟ್ಟರು. ಇದು ನಡಿಗೆಯ ಯಾವ ನಿಲ್ದಾಣದಲ್ಲೂ ಬರಲಿಲ್ಲ. ದೊರೆ ಮಾಡಿದ ಒಳ್ಳೆಯದರಲ್ಲೂ ಗುಮ್ಮಟ ಇರುವುದನ್ನು ಮಾತ್ರ ತೋರಿಸುತ್ತಾರೆ.

ಚಿಕ್ಕ ಗಡಿಯಾರದ ಹತ್ತಿರ ಬರುವಾಗ ಆದದ್ದನ್ನು ಬರೆಯಲೋ ಬೇಡವೋ ಎಂದು ಎರಡು ವಾರ ಯೋಚಿಸಿದ್ದೇನೆ.

ರಸ್ತೆ ಬದಿಯಲ್ಲಿ ಪೌರಕಾರ್ಮಿಕ ಹೆಂಗಸರು ಗುಡಿಸುತ್ತಿದ್ದರು. 'ಸ್ವಲ್ಪ ಈ ಕಡೆ ಬನ್ನಿ, ಧೂಳು' ಎಂದು ಗೈಡು ನಮ್ಮನ್ನು ಪಕ್ಕಕ್ಕೆ ಸರಿಸಿದ. ಅವರಲ್ಲಿ ಒಬ್ಬಳು ಪೊರಕೆ ನಿಲ್ಲಿಸಿ ನನ್ನನ್ನೇ ನೋಡಿದಳು. ನಮ್ಮ ಚಿಕ್ಕವ್ವ. ನಾನು ಪಿ.ಯು.ಸಿ. ಓದುವಾಗ ಎರಡು ವರ್ಷ ಅನ್ನ ಹಾಕಿದವಳು.

'ಏನ್ಲಾ ಮೊಗ, ಇಷ್ಟೊತ್ನಲ್ಲಿ ಇಲ್ಲಿ?'

'ಊರು ತೋರುಸ್ತಾವ್ರೆ ಚಿಕ್ಕವ್ವ.'

'ಯಾವೂರ?'

'ಇದೇ ಊರ.'

ಅವಳು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. 'ನಂಗೇಳಿದ್ರೆ ನಾ ತೋರುಸ್ತಿರ್ನಿಲ್ವಾ? ಇಪ್ಪತ್ತೊರ್ಸದಿಂದ ಗುಡುಸ್ತಾ ಇವ್ನಿ.'

ಹುಡುಗಿ ಹತ್ತಿರ ಬಂದು, ಯಾರು ಇವರು ಎಂದಳು.

'ಗೊತ್ತಿರುವವರು' ಎಂದೆ.

ಚಿಕ್ಕವ್ವನಿಗೆ ಇಂಗ್ಲಿಷ್ ಬರುವುದಿಲ್ಲ. ಆದರೂ ಅವಳು ಮತ್ತೆ ಪೊರಕೆ ಹಿಡಿದಳು, ಮಾತಾಡಲಿಲ್ಲ. ಗುಂಪು ಮುಂದೆ ಹೋಯಿತು, ಅದರ ಹಿಂದೆ ನಾನೂ ಹೋದೆ. ಕಲ್ಲು ಹೊತ್ತವರ ಹೆಸರು ಕೇಳಿ ಗೈಡನ್ನು ಸಿಕ್ಕಿಸಿದ್ದ ನಾನು ಹತ್ತು ಅಡಿ ದೂರದಲ್ಲಿ ಅದೇ ಕೆಲಸ ಮಾಡಿದ್ದೆ. ಗೆಜೆಟಿಯರ್ ಬರೆದ ಬಿಳಿಯನಿಗಿಂತ ನಾನೇನು ಹೆಚ್ಚು?

ಉಳಿದ ನಡಿಗೆ ನನಗೆ ಸರಿಯಾಗಿ ನೆನಪಿಲ್ಲ. ಲ್ಯಾನ್ಸ್‌ಡೌನ್ ಕಟ್ಟಡದ ಕಮಾನುಗಳನ್ನು ತೋರಿಸಿದರು. 1861ರ ಜಗನ್ಮೋಹನ ಅರಮನೆ ತೋರಿಸಿ, 1933ರಲ್ಲಿ ಕೃಷ್ಣಮಾಚಾರ್ಯರು ಇಲ್ಲಿಯೇ ಯೋಗಶಾಲೆ ನಡೆಸಿದರು ಎಂದಾಗ ಹುಡುಗಿ ಕೈ ಮುಗಿದಳು. ಕೊನೆಯಲ್ಲಿ ಗೈಡು, 'ದೇಶದ ಸ್ವಚ್ಛ ನಗರಗಳ ಪಟ್ಟಿಯಲ್ಲಿ 2015, 2016 ಎರಡು ಸಲ ಮೈಸೂರು ಮೊದಲು' ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. 2022ರ ಜುಲೈನಲ್ಲಿ ರಾಜ್ಯದ ಪೌರಕಾರ್ಮಿಕರು ಕೆಲಸ ಕಾಯಂ ಮಾಡಿ ಎಂದು ಪೊರಕೆ ಕೆಳಗಿಟ್ಟು ಮುಷ್ಕರ ಕೂತಿದ್ದರು. ಚಿಕ್ಕವ್ವನೂ ಕೂತಿದ್ದಳು.

ಸಂಜೆ ಅವಳ ಮನೆಗೆ ಹೋದೆ. ಏನೂ ಆಗಿಲ್ಲವೆಂಬಂತೆ ಮುದ್ದೆ ಹಾಕಿದಳು. ಮುದ್ದೆ ಮುರಿಯುತ್ತಾ ಹೇಳಿದೆ, ನಿನ್ನ ಮೈಸೂರ ತೋರಿಸು ಅಂತ. 'ನಿಂಗೆ ಗ್ಯಾನ ಕೆಟ್ಟದೆ' ಎಂದಳು. ಮುಂದಿನ ಭಾನುವಾರ ಮಧ್ಯಾಹ್ನ, ಕೆಲಸ ಮುಗಿದ ಮೇಲೆ, ಹಾಸ್ಟೆಲಿನ ಐದು ಹುಡುಗರು, ಇಬ್ಬರು ಹುಡುಗಿಯರು ಅವಳ ಹಿಂದೆ ಹೊರಟೆವು.

ಅವಳ ನಡಿಗೆಗೆ ಇಸವಿ ಇಲ್ಲ. ಲ್ಯಾನ್ಸ್‌ಡೌನ್ ಕಟ್ಟಡದ ಮುಂದೆ ನಿಂತು, 'ಇದು ಬಿದ್ದಾಗ ನಾಕ್ ಜನ ಸತ್ರು, ಇಟ್ಗೆ ಪುಡಿ ಬಳ್ದೋರು ನಾವು' ಎಂದಳು. ಇಸವಿಯನ್ನು ನಾನು ಸೇರಿಸಿದೆ: 2012ರ ಆಗಸ್ಟ್. ಮಾರುಕಟ್ಟೆಯ ಒಂದು ಭಾಗ 2016ರ ಆಗಸ್ಟಿನಲ್ಲಿ ಕುಸಿದಾಗಲೂ ಹಾಗೇ. ಒಂದು ಮ್ಯಾನ್‌ಹೋಲ್ ತೋರಿಸಿ, ತನ್ನ ಗಂಡನ ಅಪ್ಪ ಇದೇ ಬೀದಿಯ ಮನೆಗಳ ಕಕ್ಕಸಿನ ಡಬ್ಬ ತಲೆ ಮೇಲೆ ಹೊತ್ತದ್ದನ್ನು ಹೇಳಿದಳು. ಆ ತಲೆಹೊರೆಯನ್ನು ಕರ್ನಾಟಕದಲ್ಲಿ ನಿಲ್ಲಿಸಲು ಮುಂದಾದವರು ಬಿ. ಬಸವಲಿಂಗಪ್ಪ, ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿಯಾಗಿದ್ದಾಗ. 1973ರ ನವೆಂಬರಿನಲ್ಲಿ ಇದೇ ಮೈಸೂರಿನಲ್ಲಿ ಅವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದದ್ದಕ್ಕೆ ಊರಿಗೆ ಊರೇ ಹೊತ್ತಿತು, ಅವರ ಮಂತ್ರಿಗಿರಿ ಹೋಯಿತು, ಹಾಸ್ಟೆಲುಗಳ ನಮ್ಮ ಹುಡುಗರು ಏಟು ತಿಂದರು. ನಮ್ಮ ಬರವಣಿಗೆ ಹುಟ್ಟಿದ್ದು ಆ ಏಟಿನಲ್ಲಿ. ಪಾರಂಪರಿಕ ಪಟ್ಟಿಯಲ್ಲಿ ಅದಕ್ಕೆ ಕಟ್ಟಡ ಇಲ್ಲ.

ಅಲ್ಲಿಂದ ದಕ್ಷಿಣಕ್ಕೆ ನಡೆದು ಅಶೋಕಪುರಂಗೆ ಹೋದೆವು. ಯಾವ ಟೂರಿನವರೂ ಈ ಕಡೆ ತಿರುಗುವುದಿಲ್ಲ. ಹಿಂದೆ ಹೊಲಗೇರಿ, ಆಮೇಲೆ ಆದಿಕರ್ನಾಟಕಪುರ, ಈಗ ಅಶೋಕಪುರಂ. ಪಕ್ಕದಲ್ಲೇ 1924ರ ರೈಲ್ವೆ ವರ್ಕ್‌ಷಾಪು. ಹೆಸರು ಸುಮ್ಮನೆ ಇಟ್ಟದ್ದಲ್ಲ. ಮೂರನೇ ಬೌದ್ಧ ಸಂಗೀತಿ ಆದ ಮೇಲೆ ಮಹಾದೇವ ಎಂಬ ಭಿಕ್ಷುವನ್ನು ಮಹಿಷಮಂಡಲಕ್ಕೆ ಕಳಿಸಿದರು ಎಂದು ಸಿಂಹಳದ ಮಹಾವಂಸ ಹೇಳುತ್ತದೆ. ಆ ಮಹಿಷಮಂಡಲ ನಮ್ಮ ಮೈಸೂರು ಸೀಮೆಯೇ ಎಂದು ಹಲವು ವಿದ್ವಾಂಸರ ಅಭಿಪ್ರಾಯ. ಅಶೋಕನ ಶಾಸನಗಳು ಬ್ರಹ್ಮಗಿರಿಯಲ್ಲಿ, ಸಿದ್ದಾಪುರದಲ್ಲಿ, ಮಸ್ಕಿಯಲ್ಲಿ ಇವೆ. ಗೈಡು 'ಪುರಾತನ ನಗರ' ಎಂದಾಗ ಲೆಕ್ಕ ಶುರು ಮಾಡಿದ್ದು 1399ರ ಯದುರಾಯನಿಂದ. ಹೊಲಗೇರಿಯವರು ತಮ್ಮ ಬೀದಿಗೆ ಇಟ್ಟ ಹೆಸರು ಅದಕ್ಕಿಂತ ಸಾವಿರದ ಆರುನೂರು ವರ್ಷ ಹಳೆಯದು.

ಇನ್ನೊಂದು ಮಾತು ನೆನಪಾಗುತ್ತದೆ. ಬಾಬಾಸಾಹೇಬರು ನಾಗಪುರದಲ್ಲಿ ಬೌದ್ಧ ದೀಕ್ಷೆ ಪಡೆದ 1956ರ ಅಕ್ಟೋಬರ್ 14 ವಿಜಯದಶಮಿ. ನಮ್ಮ ಊರಲ್ಲಿ ಅದು ಜಂಬೂಸವಾರಿಯ ದಿನ. ಆನೆ ಹೋದ ಮೇಲೆ ಬೀದಿ ಗುಡಿಸುವ ಪಾಳಿ ಚಿಕ್ಕವ್ವನಿಗೆ ಪ್ರತಿ ವರ್ಷ ಬರುತ್ತದೆ. 'ಆ ದಿನ ಎಳ್ಡು ಪಟ್ಟು ಕಸ' ಎಂದಳು.

ಅಶೋಕಪುರಂನ ಅಂಬೇಡ್ಕರ್ ಪಾರ್ಕಿನಲ್ಲಿ ಕೂತು ಕಡಲೇಕಾಯಿ ತಿಂದೆವು. ಸಿಪ್ಪೆ ನೆಲಕ್ಕೆ ಹಾಕಿದ ಹುಡುಗನೊಬ್ಬನಿಗೆ ಚಿಕ್ಕವ್ವ ಚೆನ್ನಾಗಿ ಬೈದಳು. ಅಲ್ಲಿ ಅವಳು ನನ್ನ ಚಿಕ್ಕವ್ವ ಎಂದು ಎಲ್ಲರಿಗೂ ಹೇಳಿದೆ. 'ಅದು ಅವ್ರಿಗೆ ಗೊತ್ತು ಬುಡು' ಎಂದಳು.

ಪ್ರತಿ ತಿಂಗಳ ಎರಡನೇ ಭಾನುವಾರ ಮಧ್ಯಾಹ್ನ ಮೂರಕ್ಕೆ ಪುರಭವನದ ಮುಂದೆ, ಬಾಬಾಸಾಹೇಬರ ಪ್ರತಿಮೆಯ ಹತ್ತಿರ ಸೇರುತ್ತೇವೆ. ಟಿಕೇಟು ಇಲ್ಲ. ಹಳ್ಳಿಯ ಮೇಷ್ಟ್ರುಗಳು ಮಕ್ಕಳನ್ನು ಕರೆತಂದರೆ ಒಳ್ಳೆಯದು, ಬಸ್ ಸ್ಟ್ಯಾಂಡಿನಿಂದ ನಡೆಯುವಷ್ಟೇ ದೂರ. ನೀರಿನ ಬಾಟಲಿ ಇರಲಿ. ಪಾಳಿ ಇಲ್ಲದಿದ್ದರೆ ಚಿಕ್ಕವ್ವನೂ ಬರುತ್ತಾಳೆ.